ವಾಪಸು ಬರುವ ತಂತಿ

“ಬುದ್ಧಿ, ನಾನು ಎಲ್ಲರಿಗೂ ಬಡಿಸುತ್ತೇನೆ. ಯಾರಿಂದಲೂ ಒಂದು ಎಲೆ ಅಡಿಕೆಯನ್ನೂ ಮುಟ್ಟುವುದಿಲ್ಲ. ಆದರೂ ಉಂಡವರು ನನ್ನನ್ನು ಕಂಡರೆ ತಲೆ ತಗ್ಗಿಸಿಕೊಂಡು ಹೊರಟುಬಿಡುತ್ತಾರೆ. ಏಕೆ?”

ಕೇಳಿದವನು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಮರುಳಯ್ಯ. ಪಂಕ್ತಿಯಲ್ಲಿ ಕೂರುವವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರು. ಹಸಿದವರೂ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದರು. ಇವತ್ತು ಉತ್ತರ ಸಿಗದಿದ್ದರೆ ಸೌಟು ಕೆಳಗಿಟ್ಟು ಮಠವನ್ನೇ ಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ; ಅದನ್ನೂ ಗುರುಗಳಿಗೆ ಹೇಳಿಬಿಟ್ಟ.

“ಸೌಟು ಆಮೇಲೆ ಇಡುವೆಯಂತೆ, ಕೂತುಕೋ” ಎಂದು ಗುರುಗಳು ಕತೆ ಶುರು ಮಾಡಿದರು.

ಒಂದು ಊರಿಗೆ ಆಗಷ್ಟೇ ವಿದ್ಯುತ್ತು ಬಂದಿತ್ತು. ಬಂದದ್ದು ಒಬ್ಬ ವರ್ತಕನ ಮನೆಗೆ ಮಾತ್ರ. ವರ್ತಕ ಕೊಡುಗೈ ದೊರೆ. ಎದುರಿನ ಛತ್ರದಲ್ಲಿ ದಾರಿಹೋಕರು ಕತ್ತಲಲ್ಲಿ ತಡವರಿಸುವುದನ್ನು ನೋಡಲಾರದೆ, ತನ್ನ ಮನೆಯಿಂದಲೇ ಅಲ್ಲಿಗೊಂದು ದೀಪ ಕೊಡುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟ. ತಂತಿ ಎಳೆಯುವವನನ್ನು ಕರೆಸಿದ. ಅವನು ಎರಡು ತಂತಿ ಬೇಕೆಂದ.

“ಎರಡೇಕೆ?”

“ಒಂದು ಹೋಗುವುದಕ್ಕೆ, ಒಂದು ವಾಪಸು ಬರುವುದಕ್ಕೆ, ಸ್ವಾಮಿ.”

ವರ್ತಕನ ಮುಖ ಕೆಂಪಾಯಿತು. ಕೊಟ್ಟದ್ದನ್ನು ವಾಪಸು ಪಡೆಯುವ ವಂಶ ನಮ್ಮದಲ್ಲ, ಒಂದೇ ತಂತಿ ಎಳೆ ಎಂದ. ತಂತಿಯವನು ಎಷ್ಟು ಹೇಳಿದರೂ ಪಟ್ಟು ಬಿಡಲಿಲ್ಲ. ದೊಡ್ಡವರ ಹತ್ತಿರ ವಾದ ಯಾಕೆಂದು ಅವನೂ ಒಂದೇ ಎಳೆದ.

ಮುಸ್ಸಂಜೆಗೆ ಊರೇ ಛತ್ರದ ಮುಂದೆ ಸೇರಿತು. ವರ್ತಕ ಗುಂಡಿ ಒತ್ತಿದ. ದೀಪ ಹತ್ತಲಿಲ್ಲ. ಬಲ್ಬು ಬದಲಾಯಿಸಿದರು, ಹತ್ತಲಿಲ್ಲ. ಇನ್ನೂ ದಪ್ಪ ತಂತಿ ಹಾಕಿಸಿದ. ಪಾಪ, ಕೊಡುವುದು ಸಾಲದೇನೋ ಅಂದುಕೊಂಡಿದ್ದ. ಆಗಲೂ ಕತ್ತಲೆಯೇ. ಜನ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

“ಸರ್ಕೀಟು ಪೂರ್ತಿಯಾಗಿಲ್ಲ, ಸ್ವಾಮಿ” ಎಂದ ತಂತಿಯವನು.

ಆ ಕಾಲದಲ್ಲಿ ಸರ್ಕೀಟು ಅಂದರೆ ತಾಲ್ಲೂಕಿನ ಅಧಿಕಾರಿಗಳಾದ ಅಮಲ್ದಾರರು ಹಳ್ಳಿಹಳ್ಳಿ ಸುತ್ತುವುದು. ವರ್ತಕನಿಗೆ ಗೊತ್ತಿದ್ದದ್ದು ಅದೊಂದೇ. “ಅಮಲ್ದಾರರು ಬರುವವರೆಗೂ ಕಾಯಬೇಕೇನಯ್ಯಾ?” ಎಂದು ಗಾಬರಿಯಾದ.

“ಅವರು ಬರಬೇಕಾಗಿಲ್ಲ. ಆದರೆ ನೀವೇ ಹೇಳಿ, ಊರೆಲ್ಲ ಸುತ್ತಿ ಮತ್ತೆ ತಮ್ಮ ಮನೆ ಸೇರಿದರೆ ತಾನೇ ಅವರ ಸರ್ಕೀಟು ಮುಗಿಯುವುದು? ಹಿಂದಿರುಗುವ ದಾರಿಯೇ ಇಲ್ಲವೆಂದರೆ ಸಾಹೇಬರು ಹೊರಡುತ್ತಾರೆಯೇ? ವಿದ್ಯುತ್ತೂ ಅಷ್ಟೇ. ನಿಮ್ಮ ಕಡೆಯಿಂದ ಒತ್ತಡ ಬೇಕಾದಷ್ಟಿದೆ. ಹರಿವು ಇಲ್ಲ.”

“ಹಾಗಾದರೆ ಇಷ್ಟು ಹೊತ್ತು ನಾನು ಛತ್ರಕ್ಕೆ ಕೊಟ್ಟದ್ದೇನು?”

“ತಂತಿ ಮಾತ್ರ, ಸ್ವಾಮಿ.”

ವರ್ತಕ ಎರಡನೆಯ ತಂತಿ ಎಳೆಯಲು ಹೇಳಿದ. ದೀಪ ಹತ್ತಿತು. ಒಂದು ತಂತಿಯಲ್ಲಿ ಹೋದಷ್ಟೇ ವಿದ್ಯುತ್ತು ಇನ್ನೊಂದರಲ್ಲಿ ವಾಪಸು ಬಂತು, ಒಂದು ಚೂರೂ ಕಡಿಮೆಯಿಲ್ಲ. ನಡುವೆ ಛತ್ರಕ್ಕೆ ಬೆಳಕೂ ಸಿಕ್ಕಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. ಅವನ ಕಣ್ಣಮುಂದೆ ಪಂಕ್ತಿಯ ಹರಕು ಬಟ್ಟೆಗಳೂ ಒಡೆದ ಅಂಗಾಲುಗಳೂ ಬಂದವು. ಇವರಿಂದ ಪಡೆಯಬೇಕೆಂದರೆ ಅವನಿಗೆ ಅಳುವೇ ಬಂತು.

“ವರ್ತಕನ ಮಾತು ಬೇರೆ, ಬುದ್ಧಿ. ನನ್ನ ಹತ್ತಿರ ಉಣ್ಣಲು ಬರುವವರಲ್ಲಿ ನನಗೆ ಕೊಡಲು ಏನಿದೆ?”

“ಅವರಲ್ಲಿ ಏನೂ ಇಲ್ಲವೆಂದು ನೀನು ತಿಳಿದಿರುವುದು ಅವರಿಗೂ ತಿಳಿದುಹೋಗಿದೆ, ಮರುಳಯ್ಯ.”

ಮರುಳಯ್ಯ ಸೌಟು ಹಿಡಿದು ಪಂಕ್ತಿಗೆ ಹೋದ; ಬಡಿಸಿ ಮುಗಿದ ಮೇಲೆ, ಉಂಡೆದ್ದ ಮುದುಕನೊಬ್ಬನ ಮುಂದೆ ಕೈಚಾಚಿ ಒಂದು ಎಲೆ ಅಡಿಕೆ ಕೇಳಿದ.