ಗಾಳೆವ್ವನ ಸಂಚಿಯ ಮೋಟಪ್ಪ

ಬಹಳ ಹಿಂದೆ ಒಂದೂರಿತ್ತು. ಊರು ಈಗಲೂ ಇದೆ, ಹೆಸರು ಕರೇಕಲ್ಲು. ಆದರೆ ಆಗಿನ ಊರೇ ಬೇರೆ, ಈಗಿನದೇ ಬೇರೆ ಎಂದುಕೊಳ್ಳೋಣ, ಹೇಳುವ ನನಗೂ ಕೇಳುವ ನಿಮಗೂ ಅಷ್ಟು ಸಮಾಧಾನ. ಸುತ್ತ ಬರೀ ಬಂಡೆ, ಬಂಡೆಯ ಸಂದಿಯಲ್ಲಿ ಕಾರೆಗಿಡ, ಅಲ್ಲೊಂದು ಇಲ್ಲೊಂದು ಕುರಿದೊಡ್ಡಿ. ದೊಡ್ಡಿಗಳಲ್ಲೂ ಸಂಸಾರಗಳಿದ್ದವು, ಸಂಸಾರ ಇದ್ದ ಮೇಲೆ ಬಸುರು ಬಾಣಂತನ ಇದ್ದೇ ಇದ್ದವು. ಊರಿಗೂ ದೊಡ್ಡಿಗಳಿಗೂ ಸೇರಿ ಸೂಲಗಿತ್ತಿ ಒಬ್ಬಳೇ. ಅವಳೇ ಗಾಳೆವ್ವ.

ಅವಳ ಕೈ ಹೊಟ್ಟೆಯ ಮೇಲೆ ಬಿದ್ದರೆ ಸಾಕು, ಅಡ್ಡ ಮಲಗಿದ ಕೂಸು ತಾನೇ ಹೊರಳುತ್ತಿತ್ತಂತೆ. ಹಾಗೆ ಹೇಳುತ್ತಾರೆ. ಸುಳ್ಳು. ಕೂಸು ಹೊರಳುತ್ತಿರಲಿಲ್ಲ, ಅವಳು ಹೊರಳಿಸುತ್ತಿದ್ದಳು, ಬೆವರು ಸುರಿಸಿ, ಹಲ್ಲು ಕಚ್ಚಿ. ಅವಳನ್ನು ಕರೆಯುವುದು ಹಿತ್ತಿಲ ಬಾಗಿಲಿನಿಂದ, ಕಳಿಸುವುದೂ ಹಿತ್ತಿಲ ಬಾಗಿಲಿನಿಂದ. ಪುರುಡು ಕಳೆದ ಮೇಲೆ ಅವಳು ಕೂತ ಜಾಗವನ್ನು ಸೆಗಣಿ ಹಾಕಿ ಸಾರಿಸುತ್ತಿದ್ದರು. ಅವಳೇ ಹೊಕ್ಕುಳು ಕೊಯ್ದ ಕೂಸು ಬೆಳೆದು ಎದುರಿಗೆ ಬಂದರೆ ಅವಳೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕಿತ್ತು. ಅವಳಿಗೆ ಅದು ನೋಯುತ್ತಿರಲಿಲ್ಲ ಅನ್ನುತ್ತಾರೆ. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಒಂದು ಸಲ ನೆಲ ಅಳೆಯುವ ಸಾಹೇಬನೊಬ್ಬ ಬಂಡೆಗಳ ನಡುವೆ ಡೇರೆ ಹಾಕಿದ್ದನಂತೆ. ಅವನ ಹೆಂಡತಿಗೆ ಅಲ್ಲೇ ನೋವು ಶುರುವಾಯಿತು. ಗಾಳೆವ್ವ ಹೋದಳು, ತಾಯಿ ಕೂಸು ಇಬ್ಬರನ್ನೂ ಉಳಿಸಿದಳು. ಸಾಹೇಬ ತನ್ನ ಜವಾನನ ಬಾಯಲ್ಲಿ ಏನು ಬೇಕು ಎಂದು ಕೇಳಿಸಿದ. ಸೀರೆ ಕೇಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ದೊಡ್ಡಿಯ ಕಾಲುದಾರಿ ತೋರಿಸಿದಳು.

"ತ್ವಾಳಕ್ಕ ಅಂಜಂಗಿಲ್ಲ ಸಾಹೇಬ್ರ, ಕುಡದ ಗಂಡಸ್ರಿಗೆ ಅಂಜತೀನಿ. ಒಬ್ಬಾಕಿ ತಿರಗತೀನಿ."

ಸಾಹೇಬ ಸೊಂಟದಿಂದ ತನ್ನ ರಿವಾಲ್ವರನ್ನೇ ತೆಗೆದು ಕೊಟ್ಟನಂತೆ. ಗೇಣಿಗಿಂತ ಚಿಕ್ಕದು, ಮೂತಿ ಮೋಟು, ಹಿಡಿಗೆ ಮರದ ಹೊದಿಕೆ, ಹೊಟ್ಟೆಯಲ್ಲಿ ತಿರುಗುವ ಚಕ್ರ, ಚಕ್ರದಲ್ಲಿ ಚೌಕಾಬಾರದ ಮನೆಗಳಂತೆ ಐದು ಮನೆ. ಮನೆಗೊಂದು ಗುಂಡು, ಮೇಲೆ ಒಂದಿಷ್ಟು ಬಿಡಿ ಗುಂಡು. ಒಣಗಿದ ಹಳ್ಳಕ್ಕೆ ಕರೆದುಕೊಂಡು ಹೋಗಿ ಒಡಕು ಗಡಿಗೆ ಇಟ್ಟು ಹೊಡೆಯುವುದನ್ನು ಕಲಿಸಿದ. ಜವಾನ "ಕುದುರಿ ಎಳಿಯವ್ವಾ" ಅಂದ. ಬಂದೂಕಿನಲ್ಲಿ ಬೆರಳಿಂದ ಎಳೆಯುವ ಕೊಕ್ಕೆಗೆ ಕುದುರೆ ಅನ್ನುತ್ತಾರೆಂದು ಅವಳಿಗೇನು ಗೊತ್ತು, ಪಾಪ, ತಿರುಗಿ ಡೇರೆಯ ಹಿಂದೆ ಕಟ್ಟಿದ್ದ ಸಾಹೇಬನ ಕುದುರೆಯ ಕಡೆ ಹೊರಟೇ ಬಿಟ್ಟಳಂತೆ. ಸಾಹೇಬ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಮೊದಲ ಏಟಿಗೆ ಮಣಿಕಟ್ಟು ಜುಮ್ಮೆಂದಿತು, ಗಡಿಗೆ ಕೂತಲ್ಲೇ ಕೂತಿತ್ತು. ಮೋಟು ಮೂತಿಯದು ದೂರಕ್ಕಲ್ಲ, ಮೈಮೇಲೆ ಬಂದವನಿಗೆ ಮಾತ್ರ ಎಂದು ಜವಾನ ತಿಳಿಸಿ ಹೇಳಿದ. ಅವಳು ಇನ್ನೆರಡು ಹೆಜ್ಜೆ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಹಿಡಿದು, ಗಡಿಗೆಯನ್ನು ಚೂರು ಮಾಡಿದಳು.

ಅವತ್ತಿನಿಂದ ಅದು ಅವಳ ಎಲೆಅಡಿಕೆ ಸಂಚಿಯಲ್ಲಿರುತ್ತಿತ್ತು. ಸುಣ್ಣದ ಡಬ್ಬಿ, ಹೊಕ್ಕುಳು ಕೊಯ್ಯುವ ಕುಡುಗೋಲಿನ ತುಂಡು, ನೂಲಿನುಂಡೆ, ಅದರ ಪಕ್ಕ ಇದು. ಭಾರಕ್ಕೆ ಸಂಚಿಯ ದಾರ ಹೆಗಲಿಗೆ ಒತ್ತುತ್ತಿತ್ತು. ವಾರಕ್ಕೊಮ್ಮೆ ಹರಳೆಣ್ಣೆ ಸವರಿ, ಚಕ್ರ ತಿರುಗಿಸಿ, ಹಳೆ ಸೀರೆಯ ಚೂರಿನಲ್ಲಿ ಸುಣ್ಣದ ಪುಡಿ ಒರೆಸುತ್ತಿದ್ದಳು. ಹೆರಿಗೆ ಮನೆಯ ಹೊಸ್ತಿಲು ದಾಟುವ ಮುಂಚೆ ಗುಂಡುಗಳನ್ನು ತೆಗೆದು ಸೆರಗಿನ ಗಂಟಿಗೆ ಕಟ್ಟುತ್ತಿದ್ದಳು. ಕೂಸು ಹುಟ್ಟುವ ಕಡೆ ತುಂಬಿದ ಬಂದೂಕು ಇರಬಾರದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದೇ ಗುಂಡಿಗೆ ಏಳು ತೋಳ ಹೊಡೆದಳು ಅನ್ನುತ್ತಾರೆ. ಹಾರುವ ಗಿಡುಗನ ಕಣ್ಣಿಗೆ ಗುರಿಯಿಟ್ಟಳು ಅನ್ನುತ್ತಾರೆ. ಅವಳು ದಾರಿಯಲ್ಲಿ ಹೊಡೆದದ್ದು ಒಂದೇ ಸಲ, ಅದೂ ನೆಲಕ್ಕೆ. ಹೊತ್ತು ಇಳಿಯುವಾಗ ಬೇವಿನದೊಡ್ಡಿಗೆ ಅವಸರದಲ್ಲಿ ಹೊರಟಿದ್ದಳು, ಅಲ್ಲೊಬ್ಬಳು ಹೆರಲಾರದೆ ಒದ್ದಾಡುತ್ತಿದ್ದಳು. ಹಳ್ಳದಲ್ಲಿ ಇಬ್ಬರು ಕುಡಿದು ಅಡ್ಡ ನಿಂತರು. ದಾರಿ ಬಿಡಿ ಎಂದು ಬೇಡಿಕೊಂಡಳು. ಒಬ್ಬ ಸೆರಗಿಗೆ ಕೈ ಹಾಕಿದ. ಗಾಳೆವ್ವ ಸಂಚಿಯೊಳಗೆ ಕೈ ಹಾಕಿದಳು. ಗುಂಡು ಅವನ ಕೆರದ ಹಿಮ್ಮಡಿಯನ್ನು ಹಾರಿಸಿಕೊಂಡು ಹೋಯಿತು. ಅವನು ಆಮೇಲೆ ಎಷ್ಟೋ ದಿನ ಬರಿಗಾಲಲ್ಲಿ ಓಡಾಡಿದ. ಅವನ ಮೊಮ್ಮಕ್ಕಳು ಇಲ್ಲೇ ಕೂತು ಕೇಳುತ್ತಿದ್ದಾರೆ, ಹೆಸರು ಹೇಳುವುದಿಲ್ಲ, ಹೆದರಬೇಡಿ.

ಆದರೆ ಆ ಸದ್ದು ಬಂಡೆಗೆ ಬಡಿದು ಬೇವಿನದೊಡ್ಡಿಗೂ ಕೇಳಿತು. ಅಲ್ಲಿ ನೋವು ತಿನ್ನುತ್ತಿದ್ದವಳು ಬೆಚ್ಚಿಬಿದ್ದಳು, ಬೆಚ್ಚಿಬಿದ್ದದ್ದೇ ತಡ ಕೂಸು ಹೊರಗೆ ಬಂತು. ಗಾಳೆವ್ವ ಏದುಸಿರು ಬಿಡುತ್ತ ಹೋಗಿ ನೋಡುವಾಗ ಕೂಸು ಅಳುತ್ತಿತ್ತು. ಬರುವ ಹೊತ್ತಿಗೆ ಬಂದಿತ್ತು ಅದು, ಬೇರೇನೂ ಇಲ್ಲ. ಗಾಳೆವ್ವ ಹಾಗೆಂದು ಹೇಳಿದಳು ಕೂಡ. ಯಾರು ಕೇಳುತ್ತಾರೆ? ಊರಿಗೆ ಸುದ್ದಿ ಹೋದದ್ದು ಹೀಗೆ: ಬಂದೂಕು ಕೂಗಿತು, ಕೂಸು ಬಂತು.

ಬಾಣಂತಿಯ ಹಾಸಿಗೆ ಕೆಳಗೆ ಕಬ್ಬಿಣ ಇಡುವುದು ನಮ್ಮಲ್ಲಿ ಮೊದಲಿನಿಂದ ಇದೆ, ಕುಡುಗೋಲೋ ಕತ್ತಿಯೋ. ಇನ್ನು ಕುಡುಗೋಲು ಯಾಕೆ, ಅದನ್ನೇ ಇಡು ಅಂದರು. ಗಾಳೆವ್ವ ನಕ್ಕಳು, ಇಟ್ಟಳು. ಹೆದರಿದ ಹೆಂಗಸಿಗೆ ಒಂದಿಷ್ಟು ಧೈರ್ಯ ಬಂದರೆ ತನ್ನ ಕೆಲಸವೇ ಹಗುರ ಎಂದುಕೊಂಡಳು. ಅಲ್ಲಿಗೆ ಬಂತು ನೋಡಿ. ಯಾರೋ ಅದಕ್ಕೆ ಕುಂಕುಮ ಹಚ್ಚಿದರು. ಯಾರೋ ಮೋಟಪ್ಪ ಎಂದು ಹೆಸರಿಟ್ಟರು. ಯಾರೋ ಹರಕೆ ಹೊತ್ತರು. ಮೊದಲು ಅವಳು ಹೋದರೆ "ಬಾರವ್ವಾ, ಉಂಡೀ ಏನು" ಎಂದು ಕೇಳುತ್ತಿದ್ದ ಬಾಯಿಗಳು ಈಗ "ಮೋಟಪ್ಪನ್ನ ತಂದೀ ಏನು" ಎಂದು ಕೇಳತೊಡಗಿದವು. ಉಡಿ ತುಂಬ ಅಕ್ಕಿ ಕೊಡುತ್ತಿದ್ದವರು ಅಕ್ಕಿಯನ್ನು ಮೋಟಪ್ಪನ ಮುಂದೆ ಸುರಿದರು. ಅವಳು ನಗುತ್ತಲೇ ಇದ್ದಳು. ಆಗಲೇ ನಗು ನಿಲ್ಲಿಸಬೇಕಿತ್ತು.

ದೇಸಾಯರ ಮನೆಗೆ ನೀಲಗಂಗವ್ವ ಎಂಬ ಸೊಸೆ ಬಂದಿದ್ದಳು. ಬಿಸಿಲಿಗೆ ಬಾಡುವಂಥ ಎಳೇ ಹುಡುಗಿ. ಅವಳಿಗೆ ದಿನ ತುಂಬುತ್ತ ಬಂದಾಗ ಗಾಳೆವ್ವ ಹೊಟ್ಟೆ ಮುಟ್ಟಿ ನೋಡಿದಳು. ಕೂಸಿನ ತಲೆ ಮೇಲಿತ್ತು, ಕಾಲು ಕೆಳಗಿತ್ತು. ಹೊರಳಿಸಲು ನೋಡಿದಳು, ಹೊರಳಲಿಲ್ಲ. ಹುಡುಗಿ ಗಾಳೆವ್ವನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು, ಅವಳ ಕೈ ಬಿಡಲಿಲ್ಲ.

"ನೀ ಬರ್ತಿಯಲ್ಲಬೇ? ಯಾರ್ ಏನಂದ್ರೂ ಬರ್ತಿಯಲ್ಲ?"

ಗಾಳೆವ್ವ ಬರುತ್ತೇನೆ ಎಂದು ಮಾತು ಕೊಟ್ಟಳು. ಅತ್ತೆ ಸಂಗವ್ವನಿಗೆ ನೋವು ಕಾಣಿಸಿದ ಗಳಿಗೆಯಲ್ಲೇ ಕರೆಸಬೇಕು, ಕಾಲು ಮೊದಲು ಬಂದರೆ ಕೈ ಹಾಕಬೇಕಾಗುತ್ತದೆ ಎಂದು ಬಿಡಿಸಿ ಹೇಳಿದಳು. ಸಂಗವ್ವ ತಲೆಯಾಡಿಸಿದಳು.

ನೋವು ಬಂದ ದಿನ ದೇಸಾಯರ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ ಇಟ್ಟುಕೊಂಡಿದ್ದರು. ಮನೆಯೆಲ್ಲ ತೊಳೆದು ಮಡಿ ಮಾಡಿದ್ದರು. ಸ್ವಾಮಿಗಳು ಇನ್ನೂ ದಾರಿಯಲ್ಲಿದ್ದರು. ಹೆರಿಗೆಯ ಮೈಲಿಗೆ ಹಿತ್ತಿಲ ಕೋಣೆಗಷ್ಟೇ, ಗಾಳೆವ್ವ ಒಳಗೆ ಬಂದರೆ ಎಲ್ಲ ಮೈಲಿಗೆ. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಅವಳು ಬೇಡ, ಮೋಟಪ್ಪ ಬರಲಿ, ಕಬ್ಬಿಣಕ್ಕೆಲ್ಲಿಯ ಮೈಲಿಗೆ ಅಂದನಂತೆ. ಎಲ್ಲರಿಗೂ ಸರಿ ಕಂಡಿತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಅವರಲ್ಲಿ ಒಬ್ಬನೂ ಕೆಟ್ಟವನಲ್ಲ, ಎಲ್ಲರಿಗೂ ಸರಿ ಕಂಡಿತು.

ಹಲಗೆ ಬಾರಿಸಿಕೊಂಡು, ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಆಳುಗಳು ಗಾಳೆವ್ವನ ಗುಡಿಸಲಿಗೆ ಬಂದರು. ಅವಳು ಸಂಚಿ ಹೆಗಲಿಗೇರಿಸಿ ಹೊರಟು ನಿಂತಳು. ನಿನ್ನನ್ನಲ್ಲ, ಮೋಟಪ್ಪನನ್ನು ಕರೆಯಲು ಬಂದದ್ದು ಅಂದರು. ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನಿಲ್ಲದೆ ಅದು ಬರೀ ಕಬ್ಬಿಣ ಯಪ್ಪಾ, ಕೂಸು ಕಾಲು ಕೆಳಗೆ ಮಾಡಿದೆ ಎಂದು ಕೈ ಮುಗಿದಳು. ಅವರು ಕಿತ್ತುಕೊಂಡರು. ಕಿತ್ತುಕೊಳ್ಳುವ ಮುಂಚೆ ಗುಂಡು ತೆಗೆದು ಸೆರಗಿಗೆ ಕಟ್ಟಿದ್ದಳು, ಊರೊಳಗಿನ ಹೆರಿಗೆ ಮನೆಗೆ ಹೋಗುವುದಲ್ಲವೇ, ಅಭ್ಯಾಸ. ಅವರು ಮೋಟಪ್ಪನನ್ನು ತಟ್ಟೆಯಲ್ಲಿ ಮೆರೆಸಿಕೊಂಡು ಮುಂದೆ ಹೋದರು, ಅವಳು ಹಿಂದೆ ಓಡಿದಳು.

ಹಿತ್ತಿಲ ಬಾಗಿಲು ಹಾಕಿತ್ತು. ಬಡಿದಳು. ಒಳಗೆ ನೀಲಗಂಗವ್ವ ಗಾಳೆವ್ವನ ಹೆಸರು ಹಿಡಿದು ಕೂಗುವುದು ಕೇಳಿಸಿತು. ಬಾಗಿಲ ಸಂದಿಗೆ ಬಾಯಿಟ್ಟು, ಹುಡುಗಿಯನ್ನು ಮಂಡಿಯ ಮೇಲೆ ಕೂರಿಸಿರಿ, ಕಾಲು ಹಿಡಿದು ಎಳೆಯಬೇಡಿರಿ, ಯಾರಾದರೂ ಎಣ್ಣೆ ಕೈ ಮಾಡಿಕೊಳ್ಳಿರಿ ಎಂದು ಕೂಗಿ ಹೇಳಿದಳು. ಅಂಗಳದಲ್ಲಿ ಹಲಗೆಯ ಸದ್ದು. ನಡು ಮಧ್ಯಾಹ್ನದಿಂದ ಹೊತ್ತು ಇಳಿಯುವ ತನಕ ಅವಳು ಆ ಬಾಗಿಲಿಗೆ ಆತುಕೊಂಡೇ ಇದ್ದಳು. ಒಳಗಿನ ಕೂಗು ಸಣ್ಣದಾಗುತ್ತ ಬಂತು. ಕೂಗು ಸಣ್ಣದಾದರೆ ಏನರ್ಥ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ತಲೆ ಚಚ್ಚಿಕೊಂಡಳು.

ಕಡೆಗೆ ಬಾಗಿಲು ತೆರೆಯಿತು. ಸಂಗವ್ವ ನಿಂತಿದ್ದಳು. ಗಾಳೆವ್ವ ಒಳಗೆ ಕಾಲಿಡಲು ಹೋದಳು, ಸಂಗವ್ವ ಕೈ ಅಡ್ಡ ಹಿಡಿದಳು.

"ಮೋಟಪ್ಪ ಕೂಗವಲ್ಲ. ಗುಂಡು ನಿನ್ ಕಡೆ ಅದಾವಂತ. ಕೊಡು."

"ನನ್ನ ಒಳಗ ಬಿಡ್ರಿ ಯವ್ವಾ, ಗುಂಡು ತಗೋರಿ. ನಿಮ್ ಕಾಲಿಗೆ ಬೀಳತೀನಿ."

"ಮೊದಲ ಗುಂಡು ಕೊಡು, ಆಮ್ಯಾಲ ಬರೂವಂತಿ."

ಚೌಕಾಸಿಗೆ ಹೊತ್ತಿರಲಿಲ್ಲ. ಗಾಳೆವ್ವ ಸೆರಗಿನ ಗಂಟು ಬಿಚ್ಚಿದಳು. ಗುಂಡುಗಳನ್ನು ಸಂಗವ್ವನ ಕೈಗೆ ಸುರಿದಳು. ಸಂಗವ್ವ ಹಿಂದೆ ಸರಿದಳು, ಬಾಗಿಲು ಹಾಕಿಕೊಂಡಿತು, ಅಗಳಿ ಬಿದ್ದ ಸದ್ದು ಕೇಳಿಸಿತು.

ಅಂಗಳದಲ್ಲಿ ಬಂದೂಕು ಕೂಗಿತು. ಪಾರಿವಾಳ ಹಾರಿದವು. ಮತ್ತೆ ಕೂಗಿತು, ಮತ್ತೆ. ಚಕ್ರದ ಮನೆಗಳೆಲ್ಲ ಖಾಲಿಯಾಗುವ ತನಕ ನೀಲಗಂಗವ್ವನ ಗಂಡ ಆಕಾಶಕ್ಕೆ ಹೊಡೆದ. ಹೆಂಗಸರೆಲ್ಲ ಕೋಣೆ ಬಿಟ್ಟು ಅಂಗಳದ ಕಡೆ ಕಿವಿಗೊಟ್ಟು ನಿಂತಿದ್ದರು. ಯಾವ ಗುಂಡಿಗೆ ಹುಡುಗಿಯ ಉಸಿರು ನಿಂತಿತೋ ಯಾರೂ ನೋಡಲಿಲ್ಲ.

ಆಗ ಬಾಗಿಲು ತೆಗೆದರು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಸತ್ತವಳನ್ನು ಹಾಗೇ ಮಣ್ಣು ಮಾಡುವಂತಿಲ್ಲ, ಕೂಸನ್ನು ಬೇರೆ ಮಾಡಬೇಕು, ಅದು ಸೂಲಗಿತ್ತಿಯ ಕೆಲಸ. ಸಾವಿನ ಸೂತಕ ಬಂದ ಮನೆಗೆ ಅವಳ ಮೈಲಿಗೆ ಇನ್ನೇನು ಮಾಡೀತು? ಸ್ವಾಮಿಗಳು ದಾರಿಯಿಂದಲೇ ಹಿಂದಿರುಗಿದ್ದರು. ಗಾಳೆವ್ವ ಒಳಗೆ ಹೋದಳು. ಕೂಸಿನ ಒಂದು ಕಾಲು ಹೊರಗೆ ಬಂದಿತ್ತು. ಎಣ್ಣೆ ಕೈ ಮಾಡಿಕೊಂಡಳು, ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಹಿಡಿಯಲಿಲ್ಲ, ಕೂಸು ಕೈಗೆ ಬಂತು. ಗಂಡು. ಉಸಿರಿರಲಿಲ್ಲ. ತೊಳೆದು ತಾಯಿಯ ಪಕ್ಕ ಮಲಗಿಸಿದಳು. ಹುಡುಗಿಯ ತಲೆ ಬಾಚಿದಳು. ಬಂದೆ ತಾಯಿ, ಬಂದೆ ಎಂದು ಅದನ್ನೇ ಹೇಳುತ್ತಿದ್ದಳಂತೆ, ಹೆಣ ಎತ್ತುವ ತನಕ.

ಆಮೇಲೆ ಊರು ಏನಂದಿತು ಗೊತ್ತೇ? ಸೂಲಗಿತ್ತಿ ಗುಂಡು ಮುಚ್ಚಿಟ್ಟಳು, ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಮೋಟಪ್ಪ ಕಾಯುತ್ತಿದ್ದ ಅಂದಿತು. ಅವಳು ತನ್ನ ಬಂದೂಕು ವಾಪಸು ಕೇಳಿದಳು. ದೇವರನ್ನು ಸಂಚಿಯಲ್ಲಿ ಹಾಕಿ ತಿರುಗುತ್ತೀಯಾ ಎಂದು ಗದರಿಸಿ ಕಳಿಸಿದರು. ದೇಸಾಯರು ಅಂಗಳದ ಗೋಡೆಯಲ್ಲಿ ಗೂಡು ಕಟ್ಟಿಸಿ ಮೋಟಪ್ಪನನ್ನು ಕೂರಿಸಿದರು. ವಾರವಾರ ಹಾಲೆರೆದರು. ಹರಳೆಣ್ಣೆ ಕಂಡಿದ್ದ ಕಬ್ಬಿಣ ಹಾಲಿಗೆ ತುಕ್ಕು ಹಿಡಿಯಿತು.

ಗಾಳೆವ್ವ ಸಂಚಿಯಲ್ಲಿ ಅದೇ ತೂಕದ ಒಂದು ಕಲ್ಲು ಹಾಕಿಕೊಂಡು ಓಡಾಡಿದಳು ಅನ್ನುತ್ತಾರೆ. ದಾರಿಯಲ್ಲಿ ಅಡ್ಡ ನಿಲ್ಲುವವರು ಸಂಚಿ ಜೋಲುವುದನ್ನು ನೋಡಿ ದೂರ ಸರಿಯುತ್ತಿದ್ದರಂತೆ. ದೊಡ್ಡಿಯವರು ಕರೆದರೆ ಹೋಗುತ್ತಿದ್ದಳು, ಹೆರುವವಳದೇನು ತಪ್ಪು ಅನ್ನುತ್ತಿದ್ದಳು. ನಗುತ್ತಿರಲಿಲ್ಲ. ಎಲ್ಲಿ ತೀರಿಕೊಂಡಳೋ, ಯಾರು ಮಣ್ಣು ಹಾಕಿದರೋ, ಅದನ್ನು ಹೇಳುವವರು ಯಾರೂ ಇಲ್ಲ.

ಕರೇಕಲ್ಲಿನಲ್ಲಿ ಈಗಲೂ ನೋವು ಬಂದರೆ ತಾಲೂಕಿನ ಆಸ್ಪತ್ರೆಗೆ ಜೀಪು ಕರೆಸುವ ಮೊದಲು ಗೂಡಿನ ಮೋಟಪ್ಪನನ್ನು ತಂದು ಹಾಸಿಗೆ ಕೆಳಗೆ ಇಡುತ್ತಾರೆ. ಮೂತಿ ಯಾವುದು ಹಿಡಿ ಯಾವುದು ತಿಳಿಯದ ತುಕ್ಕಿನ ಮುದ್ದೆ ಅದು. ಇನ್ನೊಂದೂ ಮಾಡುತ್ತಾರೆ. ಮನೆಯ ಹಿರಿಯ ಹೆಂಗಸು ಎಲೆ ಅಡಿಕೆ ತೆಗೆದುಕೊಂಡು ಹೋಗಿ ಹಿತ್ತಿಲ ಬಾಗಿಲಿನ ಹೊರಗೆ ಇಡುತ್ತಾಳೆ. ಅದು ಗಾಳೆವ್ವನಿಗೆ. ಇಟ್ಟ ಮೇಲೆ ಕೈ ಮುಗಿದು, ಒಳಗೆ ಬಂದು, ಬಾಗಿಲು ಹಾಕಿ ಅಗಳಿ ಹಾಕುತ್ತಾಳೆ. ಅಗಳಿ ಯಾಕೆ ಎಂದು ಕೇಳಿದರೆ ಶಾಸ್ತ್ರ ಅನ್ನುತ್ತಾರೆ.