ಜೀವ ಸಹಿತ ತಂಬೂರಿ ಒಂದು

"ಕೇಳ್ರಪ್ಪೋ ಕೇಳ್ರಿ! ಮುಗಿಲೂರ ಅರಸರ ಅಪ್ಪಣೆ! ಅರಸರ ಗಾಳಿಹಡಗಿನಲ್ಲಿ ಯಾರ ವಾದ್ಯ ಮುರಿದಿದೆಯೋ ಅವರಿಗೆ ಅದರ ತೂಕದಷ್ಟು ತವುಡು ಪರಿಹಾರ! ಸಾಲದು ಎನ್ನುವವರು ಸಭೆಗೆ ಬಂದು ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಕೇಳಿದ್ದು ಕೊಡಲಾಗುವುದು. ತಪ್ಪಿದರೆ ಅಮಾವಾಸ್ಯೆಗೆ ತಲೆದಂಡ!"

ಡಂಗುರದವನು ಮುಂದಿನ ಓಣಿಗೆ ಹೋದ. ಯಮನೂರ ತನ್ನ ಕೈಯಲ್ಲಿದ್ದ ಸೋರೆಬುರುಡೆಯನ್ನು ಕೆಳಗಿಟ್ಟ. ಅವನು ತಂಬೂರಿ ಮಾಡುವವರ ಮನೆಯಲ್ಲಿ ಬುರುಡೆ ಕೆರೆಯುವ ಆಳು. ಅವನನ್ನು ಸಾಕಿದ ಸೋದರತ್ತೆ ಬಾಳವ್ವ ತತ್ವಪದ ಹಾಡಿ ಹೊಟ್ಟೆ ಹೊರೆಯುವವಳು. ದೂರದ ಊರಿನಿಂದ ಕರೆ ಬಂದಾಗ, ಹುಟ್ಟಿದ್ದಕ್ಕೆ ಒಮ್ಮೆ ಗಾಳಿಹಡಗು ಹತ್ತಿದ್ದಳು. ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದು ಅಂಗಲಾಚಿದರೂ ಬಿಡದೆ, ಹಡಗಿನವರು ತಂಬೂರಿಯನ್ನು ಕಸಿದು ಹಡಗಿನ ಹೊಟ್ಟೆಗೆ ತಳ್ಳಿ, ಮೇಲೆ ಕಬ್ಬಿಣದ ಪೆಟ್ಟಿಗೆ ಹೇರಿದರು. ಇಳಿದಾಗ ಬುರುಡೆ ಎಂಟು ಚೂರು. ಅಂದಿನಿಂದ ಬಾಳವ್ವ ಬಾಯಿ ತೆರೆದು ಹಾಡಿಲ್ಲ.

ತಂಬೂರಿ ಎಷ್ಟು ತೂಗೀತು? ಒಳಗೆ ಟೊಳ್ಳಿದ್ದರೇ ಅದು ತಂಬೂರಿ. ಟೊಳ್ಳಿಗೆ ತೂಕವಿಲ್ಲ. ಅದು ಗೊತ್ತಿದ್ದೇ ತೂಕದ ಕಾನೂನು ಮಾಡಿದರು. ಮಾಡಿದವರು ದಡ್ಡರಲ್ಲ, ಕಳ್ಳರು.

"ಅತ್ತಿ, ಹಡಗಿನವರು ಕೊಟ್ಟ ಚೀಟಿ ಎಲ್ಲೈತಿ?"

ಬಾಳವ್ವ ಎಲೆಯಡಿಕೆ ಸಂಚಿಯನ್ನು ಬಿಗಿಹಿಡಿದಳು. "ಹುಚ್ಚಪ್ಪಾ, ತಂಬೂರಿ ಹೋತು. ನಿನ್ನ ತಲೀನೂ ಹೋದ್ರ ನಾ ಯಾರ ಮಾರಿ ನೋಡ್ಲಿ?"

"ತವುಡು ತಗೊಂಡು ಕೈಮುಗಿದು ಬಂದ್ರ ನನ್ನ ಮಾರಿ ನೀ ನೋಡ್ತೀಯೇನು?"

ಅವಳು ಚೀಟಿ ಕೊಟ್ಟಳು.

ಸಭೆ ಕಿಕ್ಕಿರಿದಿತ್ತು. ಮುರಿದ ವೀಣೆ, ಹರಿದ ಮದ್ದಳೆ ಹೊತ್ತ ನೂರಾರು ಜನ ಅಂಜಿಕೊಂಡು ಹಿಂದೆ ನಿಂತಿದ್ದರು. ಮುಂದೆ ಬಂದವರು ಮೂವರೇ. ಒಗಟುಗಳನ್ನು ಕಟ್ಟಿದವನು ಮಂತ್ರಿ. ಯಾರೂ ಒಯ್ಯದೆ ಬಿಟ್ಟ ಮುರಿದ ವಾದ್ಯಗಳನ್ನು ಒಟ್ಟಿದ್ದ ಕೊಟ್ಟಿಗೆಯಲ್ಲಿ ವಾರವಿಡೀ ಕೂತು, ಒಂದೊಂದನ್ನೂ ತಿರುವಿ ನೋಡಿ ಕಟ್ಟಿದ್ದ. ಉತ್ತರದ ಓಲೆಗಳನ್ನು ಅವನೇ ಹಿಡಿದಿದ್ದ.

ಅರಸ ಕೇಳಿದ. "ಬಳ್ಳಿಯಲ್ಲಿದ್ದಾಗ ಮೂಕಿ. ಹೊಟ್ಟೆ ಬಗೆದ ಮೇಲೆ ಹಾಡುಗಾರ್ತಿ. ಯಾರವಳು?"

ಕೊಳಲಿನ ವೆಂಕಣ್ಣ ಮೀಸೆ ತಿರುವಿದ. ಅವನಿಗೆ ಲೋಕದಲ್ಲಿ ಇರುವುದು ಒಂದೇ ವಾದ್ಯ. "ಬಿದಿರು, ಪ್ರಭು!"

"ಬಿದಿರು ಯಾವ ಬಳ್ಳಿಯಲ್ಲಿ ಬಿಡುತ್ತದಯ್ಯಾ?" ಎಂದ ಮಂತ್ರಿ. ಸಭೆ ನಕ್ಕಿತು. ಭಟರು ವೆಂಕಣ್ಣನನ್ನು ಎಳೆದೊಯ್ದಾಗ ನಗು ನಿಂತಿತು.

ಆಸ್ಥಾನದ ಹಾಡುಗಾರ ಪದ್ಮನಾಭಯ್ಯ ಬಂದರು. ಮೊದಲ ಒಗಟನ್ನು ಮಂತ್ರಿಯ ಕಿವಿಯಲ್ಲಿ ಹೇಳಿ ಬಿಡಿಸಿದರು. ಎರಡನೆಯದು ಬಂತು. "ಉಸಿರಿಲ್ಲ, ನೆತ್ತರಿಲ್ಲ, ಆದರೂ ಜೀವವಿದೆ. ಆ ಜೀವವನ್ನು ಬೆರಳಿನಿಂದ ಸರಿಸಬಹುದು, ಹರಿದರೆ ಹೊಸದು ಕಟ್ಟಬಹುದು. ಏನದು?"

"ಆತ್ಮ," ಎಂದರು ಪದ್ಮನಾಭಯ್ಯ, ಕಣ್ಣು ಮುಚ್ಚಿ.

"ನಿಮ್ಮ ಆತ್ಮವನ್ನು ಬೆರಳಿನಿಂದ ಸ್ವಲ್ಪ ಸರಿಸಿ ತೋರಿಸಿ, ನೋಡೋಣ!" ಎಂದ ಮಂತ್ರಿ.

ಅವರನ್ನೂ ಒಯ್ದರು. ನಲವತ್ತು ವರ್ಷ ತಂಬೂರಿಯ ಮುಂದೆ ಕೂತು ಹಾಡಿದವರು. ಅದನ್ನು ಶ್ರುತಿ ಮಾಡಿದವರು ಮಾತ್ರ ಶಿಷ್ಯರು.

ಯಮನೂರ ಎದ್ದ. ಅವನ ಅಂಗಿಯ ಮೇಲೆ ಬುರುಡೆಯ ಪುಡಿ ಇನ್ನೂ ಇತ್ತು.

"ನೀನು ಯಾವ ವಿದ್ವಾಂಸನಪ್ಪಾ?" ಎಂದ ಮಂತ್ರಿ.

"ಬುರುಡಿ ಕೆರೀತೀನ್ರಿ. ನಿಮ್ಮ ಮೂಕಿ ಸೋರೆಬುರುಡಿ. ಒಣಗಿಸಿ, ತಿರುಳು ಬಗೆದ ಮೇಲೇ ಅಕಿ ಹಾಡಾಕಿ. ಎರಡನೇದು ತಂಬೂರಿ. ತಂತಿ ಕೆಳಗ ಒಂದು ಎಳಿ ದಾರ ಇಡ್ತೀವಿ, ಅದಕ್ಕ ನಾವು ಜೀವ ಅಂತೀವಿ. ಕೂದಲೆಳಿಯಷ್ಟು ಸರಿಸಿದ್ರ ತಂತಿ ಝೇಂಕರಿಸ್ತದ. ಇಲ್ಲಂದ್ರ ಬರೇ ಕಟ್ಟಿಗಿ."

ಮಂತ್ರಿ ಎರಡು ಓಲೆ ಬಿಚ್ಚಿದ. ಎರಡೂ ಸರಿ. ಅರಸ ಮುಂದಕ್ಕೆ ಬಾಗಿದ.

"ಮೂರನೆಯದು. ಎತ್ತಿದವನು ನಾನಲ್ಲ ಅಂದ. ಇಳಿಸಿದವನು ನಾನಲ್ಲ ಅಂದ. ಹಡಗು ನಡೆಸಿದವನು ನಾನಲ್ಲ ಅಂದ. ಆದರೂ ವಾದ್ಯ ಮುರಿದಿದೆ. ಮುರಿದವರು ಯಾರು?"

ಕೂಲಿಯವನ ಹೆಸರು ಹೇಳಿದರೆ ಸುಳ್ಳು, ಅರಸನ ಹೆಸರು ಹೇಳಿದರೆ ರಾಜದ್ರೋಹ. ಎರಡಕ್ಕೂ ತಲೆಯೇ. ಹಿಂದೆ ಎಲ್ಲೋ ಬಾಳವ್ವ ಕೆಮ್ಮಿದ್ದು ಕೇಳಿಸಿತು.

"ಮುರಿದವರು ನೀವ್ರಿ ದೊರಿ."

ಭಟರು ಕತ್ತಿ ಹಿರಿದರು. ಮಂತ್ರಿ ಓಲೆಯನ್ನು ಎತ್ತಿ ಕೂಗಿದ. "ತಪ್ಪು! ಇಲ್ಲಿ ಬರೆದಿರುವುದು 'ಯಾರೂ ಅಲ್ಲ' ಎಂದು!"

"ಹಂಗಾದ್ರ ಇದನ್ನೂ ಓದ್ರಿ." ಯಮನೂರ ಚೀಟಿ ಚಾಚಿದ. ತಂಬೂರಿ ಕಸಿಯುವಾಗ ಬಾಳವ್ವ ಚೀಟಿ ಬರೆಯುವ ಹಡಗಿನ ಲೆಕ್ಕಿಗನಿಗೆ, "ಎಪ್ಪಾ, ಜೀವ ಐತಿ, ಮೆಲ್ಲಕ ಹಿಡಿ" ಎಂದಿದ್ದಳು. ಅವನು ಕೇಳಿಸಿದ್ದನ್ನು ಹಾಗೆಯೇ ಬರೆದಿದ್ದ. ಮಂತ್ರಿಯೇ ಗಟ್ಟಿಯಾಗಿ ಓದಬೇಕಾಯಿತು. "ತಂಬೂರಿ ಒಂದು. ಜೀವ ಸಹಿತ. ಇದ್ದಂತೆ ತಲುಪಿಸುವ ಹೊಣೆ ನಮ್ಮದು. ಅರಸರ ಮುದ್ರೆ."

"ಜೀವ ಅಂದ್ರೇನಂತ ನಿಮಗ ಗೊತ್ತಿಲ್ಲ ಅನ್ನಂಗಿಲ್ಲ. ಒಗಟು ಕೇಳಿದವರು ನೀವೇ ದೊರಿ. ಜೀವ ಸಹಿತ ಅಂತ ಬರಕೊಟ್ಟೂ ಮ್ಯಾಲೆ ಕಬ್ಬಿಣ ಹೇರಿಸಿದ್ರಿ. ಈಗ ಹೇಳ್ರಿ, ಮುದ್ರಿ ನಿಮ್ಮದೋ ಅಲ್ಲೋ? ನಿಮ್ಮದಾದ್ರ ಹೊಣಿ ನಿಮ್ಮದು. ಅಲ್ಲಂದ್ರ ನನ್ನ ತಲಿ ತೆಗಿಯೋ ಅಪ್ಪಣಿ ಮ್ಯಾಲೂ ಅದೇ ಮುದ್ರಿ ಐತಿ. ಅದೂ ಸುಳ್ಳು!"

ಹಿಂದೆ ನಿಂತಿದ್ದವರಲ್ಲಿ ಒಬ್ಬಳು ತನ್ನ ಚೀಟಿಯನ್ನು ಮೇಲೆತ್ತಿದಳು. ಆಮೇಲೆ ಹತ್ತು ಕೈ. ಆಮೇಲೆ ನೂರು. ಪ್ರತಿ ಚೀಟಿಯಲ್ಲೂ ಅದೇ ಕೆಂಪು ಮುದ್ರೆ. ಭಟರು ಅರಸನ ಮುಖ ನೋಡಿದರು. ಅರಸ ತನ್ನ ಬೆರಳಿನ ಮುದ್ರೆಯುಂಗುರ ನೋಡಿಕೊಂಡ. ಅದನ್ನು ಅಲ್ಲಗಳೆದರೆ ಸಿಂಹಾಸನವೂ ಉಳಿಯದು.

"ನಮ್ಮದೇ," ಎಂದ. "ಉತ್ತರ ಸರಿ. ಕೇಳು, ಏನು ಬೇಕು?"

"ಸೆರಿಮನಿಯೊಳಗಿನ ಇಬ್ಬರನ್ನೂ ಬಿಡ್ರಿ. ಚೀಟಿ ಇದ್ದವರಿಗೆಲ್ಲಾ ಹೊಸಾ ವಾದ್ಯ ಮಾಡಿಸಿಕೊಡ್ರಿ, ಅದು ಕೈಗೆ ಬರೋತನಕ ಅವರ ಊಟ ಅರಮನಿದು. ಇನ್ನ ಮ್ಯಾಲೆ ವಾದ್ಯ, ಬಾರಿಸವರ ಮಗ್ಗಲದಾಗ ಕೂತು ಹೋಗಬೇಕು, ಹಡಗಿನ ಹೊಟ್ಟಿಯೊಳಗಲ್ಲ."

"ನಿನಗೆ?"

"ಅತ್ತಿ ತಂಬೂರಿ ನಾನೇ ಮಾಡ್ತೀನಿ. ಒಳ್ಳೇ ಮರ ಕೊಡಿಸ್ರಿ."

"ಕಣಜದ ತವುಡು ಏನು ಮಾಡಲಿ?"

"ಮಂತ್ರಿಗಳಿಗೆ ಕೊಡ್ರಿ. ತೂಗಿ ಕೊಡ್ರಿ!"

ಈ ಸಲ ಸಭೆ ನಕ್ಕಿದ್ದು ನಿಲ್ಲಲೇ ಇಲ್ಲ.

ಮುಂದಿನ ಸುಗ್ಗಿಗೆ ಬಾಳವ್ವ ಮತ್ತೆ ಗಾಳಿಹಡಗು ಹತ್ತಿದಳು. ಮಗ್ಗುಲಿನ ಪೀಠದಲ್ಲಿ ಹೊಸ ತಂಬೂರಿ ಕೂತಿತ್ತು, ಜೀವ ಸಹಿತ. ಹಡಗು ತುಂಬಿತ್ತು. ಕೊನೆಗೆ ಓಡೋಡಿ ಬಂದ ಮಂತ್ರಿ ಆ ಪೀಠವನ್ನೊಮ್ಮೆ ನೋಡಿದ, ಬಾಳವ್ವನನ್ನೊಮ್ಮೆ ನೋಡಿದ, ಹಗ್ಗ ಹಿಡಿದುಕೊಂಡು ದಾರಿಯುದ್ದಕ್ಕೂ ನಿಂತೇ ಹೋದ. ಅವಳು ದಾರಿಯುದ್ದಕ್ಕೂ ಹಾಡಿದಳು.