ಖಾಲಿ ಅಂದ ಯಂತ್ರ

ಹೊಳೆಯ ದಡದಲ್ಲಿ ಅಡಿವಯ್ಯಜ್ಜನವರ ಆಶ್ರಮ. ಅಲ್ಲಿ ದೇವರ ಗೂಡಿನ ಪಕ್ಕದ ಗೂಡಿನಲ್ಲಿ ಹಳೆಯ ಮಿನಿಡಿಸ್ಕ್ ಯಂತ್ರಗಳು ಕೂತಿದ್ದವು.

ಅಂಗೈಯಗಲದ ಯಂತ್ರಗಳು. ಅವುಗಳೊಳಗೆ ಹೋಗುವ ಡಿಸ್ಕು ಇನ್ನೂ ಚಿಕ್ಕದು. ದಡದ ಜನ ಹಾಡಿದ್ದನ್ನೆಲ್ಲ ಅಜ್ಜ ಅದರಲ್ಲೇ ಹಿಡಿದಿಡುತ್ತಿದ್ದರು. ಇಂಥವನ್ನು ತಯಾರಿಸುವುದನ್ನು ಜಗತ್ತು ಎಂದೋ ಬಿಟ್ಟಿದೆ ಎಂದು ಭಕ್ತರು ಹೇಳಿದರೆ, ಬಿಟ್ಟದ್ದು ಜಗತ್ತು, ನಾನಲ್ಲ ಎನ್ನುತ್ತಿದ್ದರು.

ಮೈಲಾರಿ ವೈರಾಗ್ಯ ಕಲಿಯಬೇಕೆಂದು ಬಂದವನು. ಅಜ್ಜ ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ಗಟ್ಟಿಯಾದ ಗ್ರೀಸು ಒರೆಸಿ ಹೊಸದು ಸವರುವುದು, ಡಿಸ್ಕನ್ನು ಬೆಳಕಿನಿಂದ ಓದುವ ಲೆನ್ಸಿನ ಮೇಲಿನ ಮಬ್ಬನ್ನು ಹತ್ತಿಯಿಂದ ತೆಗೆಯುವುದು, ಇದೇ ಅವನ ಸಾಧನೆಯಾಯಿತು.

ಒಮ್ಮೆ ಯಂತ್ರದೊಳಗೆ ಮರೆತ ಬ್ಯಾಟರಿ ಸೋರಿ ಒಳಗಿನ ತಗಡನ್ನೆಲ್ಲ ತಿಂದುಹಾಕಿತು. ಅಜ್ಜ ಅವನನ್ನು ಹಿಗ್ಗಾಮುಗ್ಗಾ ಬೈದರು. ಅಂದಿನಿಂದ ಯಂತ್ರ ನಿಂತಿತೋ ಇಲ್ಲವೋ, ಬ್ಯಾಟರಿ ಕಿತ್ತು ಪಕ್ಕಕ್ಕಿಡುವುದು ಅವನಿಗೆ ರೂಢಿಯಾಯಿತು.

ಅಜ್ಜನ ಒಂದು ಡಿಸ್ಕು ಮಾತ್ರ ಅವನಿಗೆ ಅರ್ಥವಾಗಿರಲಿಲ್ಲ. ಅದರ ತುಂಬ ಬರೀ ಹೊಳೆಯ ಸದ್ದು. ಹೊಳೆಯ ದಡದಲ್ಲೇ ಕೂತವರಿಗೆ ಇದೇಕೆ ಎಂದು ಕೇಳಿದರೆ, ಬೇಕಾಗುತ್ತದೆ ಎಂದಷ್ಟೇ ಅಜ್ಜನ ಉತ್ತರ.

ಹರಿಗೋಲು ನಡೆಸುವ ಕೆಂಚವ್ವನಿಗೆ ಹೊಳೆ ದಾಟಿಸುವ ಹಾಡುಗಳು ಬರುತ್ತಿದ್ದವು. ಅವು ಮತ್ತಾರಿಗೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಒಂದು ದಿನ ಆಕೆ ಬಂದು ಡಿಸ್ಕು ತುಂಬುತ್ತ ಬರುವವರೆಗೆ ಒಂದೇ ಉಸಿರಿಗೆ ಎಂಬಂತೆ ಹಾಡಿದಳು. ಕೊನೆಗೆ, "ಹಿಡದೇನಪಾ?" ಎಂದಳು.

"ಹಿಡದೆ ಬೇ," ಎಂದ ಮೈಲಾರಿ. ಯಂತ್ರ ನಿಲ್ಲಿಸಿದ. ಬ್ಯಾಟರಿ ಕಿತ್ತ.

ಆಷಾಢ ಕಳೆಯುವ ಮೊದಲೇ ಕೆಂಚವ್ವ ತೀರಿಕೊಂಡಳು. ಮಗಳು ಚಂದ್ರವ್ವ ಆಚೆ ದಡದಿಂದ ಬಂದು, ಅವ್ವನ ದನಿ ಒಂದು ಸಲ ಕೇಳಿಸಿ ಎಂದು ಬೇಡಿದಳು. ಡಿಸ್ಕು ಹಾಕಿದರೆ ಯಂತ್ರ ಖಾಲಿ ಎಂದು ತೋರಿಸಿತು. ಯಂತ್ರ ಕೆಟ್ಟಿದೆ, ನಾಳೆ ಬಾ ಎಂದು ಮೈಲಾರಿ ಸುಳ್ಳು ಹೇಳಿ ಅವಳನ್ನು ಕಳಿಸಿದ.

ತಪ್ಪು ಎಲ್ಲಾಯಿತೆಂದು ಅವನಿಗೆ ಗೊತ್ತಿತ್ತು. ನಿಲ್ಲಿಸಿದ ಮೇಲೆ ಯಂತ್ರ ಡಿಸ್ಕಿನ ಒಂದು ಮೂಲೆಯಲ್ಲಿ ಪರಿವಿಡಿ ಬರೆದುಕೊಳ್ಳುತ್ತದೆ, ಹಾಡು ಎಲ್ಲಿಂದ ಎಲ್ಲಿಯವರೆಗೆ ಎಂದು. ಅದು ಬರೆಯುವ ಮೊದಲೇ ಅವನು ಬ್ಯಾಟರಿ ಕಿತ್ತಿದ್ದ. ಅಜ್ಜನ ಮುಂದೆ ಎಲ್ಲ ಒಪ್ಪಿಸಿ, ಮೇಲೊಂದಿಷ್ಟು ವೇದಾಂತ ಹೊದಿಸಿದ.

"ಎಲ್ಲಾ ನಶ್ವರ ಅಂತ ನೀವಽ ಹೇಳೀರಿ, ಅಜ್ಜಾರ. ಹೋದದ್ದನ್ನ ಬಿಡೂದು ಕಲೀಬೇಕ್ರಿ."

ಅಜ್ಜನ ಮುಖ ಕೆಂಪೇರಿತು.

"ಬ್ಯಾಟರಿ ಕಿತ್ತಾವ ನೀನು. ಅದನ್ನ ನಶ್ವರದ ತಲಿಗೆ ಕಟ್ಟಬ್ಯಾಡ."

"ಡಿಸ್ಕ್ ಖಾಲಿ ಐತ್ರಿ."

"ಯಾರಂದ್ರು?"

"ಯಂತ್ರ ಅಂತು."

"ಕೆಂಚವ್ವ ಹಾಡಿದ್ದು ನಿನ್ನ ಕಿವಿಗೆ ಬಿದ್ದಿತ್ತೋ ಇಲ್ಲೋ? ಮತ್ತ ಯಂತ್ರದ ಮಾತು ಯಾಕ ನಂಬ್ತಿ?"

ಅಜ್ಜ ಎದ್ದು ಹೊಳೆಯ ಸದ್ದಿನ ಡಿಸ್ಕು ತಂದರು. ಅದೂ ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆಯಲ್ಲಿ ತುಂಬಿದ್ದು. ಅದನ್ನು ಯಂತ್ರಕ್ಕೆ ಹಾಕಿ, ಪರಿವಿಡಿ ಓದಿಸಿ, ಅದಕ್ಕಿದ್ದ ಹೆಸರಿನಲ್ಲಿ ಒಂದಕ್ಷರ ತಿದ್ದಿದರು. ಇನ್ನು ಯಂತ್ರ ನಿಲ್ಲುವಾಗ ಆ ಪರಿವಿಡಿಯನ್ನು, ಒಳಗೆ ಯಾವ ಡಿಸ್ಕಿದ್ದರೂ ಅದರ ಮೇಲೆ, ಹೊಸದಾಗಿ ಬರೆಯಲೇಬೇಕು.

ಮುಚ್ಚಳ ತೆರೆದದ್ದು ಯಂತ್ರಕ್ಕೆ ತಿಳಿಸುವುದು ಒಂದು ಪುಟ್ಟ ಗುಂಡಿ. ಅಜ್ಜ ಅದನ್ನು ಬೆಂಕಿಕಡ್ಡಿಯಿಂದ ಒತ್ತಿ ಹಿಡಿದರು. ಮುಚ್ಚಳ ತೆರೆಯಿತು, ಯಂತ್ರಕ್ಕೆ ಗೊತ್ತಾಗಲಿಲ್ಲ.

ಹೊಳೆಯ ಡಿಸ್ಕು ತೆಗೆದು ಕೆಂಚವ್ವನದನ್ನು ಇಡು ಎಂದರು. ಮೈಲಾರಿ ಕೆಂಚವ್ವನ ಡಿಸ್ಕನ್ನು ಎರಡು ಬೆರಳಲ್ಲಿ ಹಿಡಿದ.

"ಇದು ಮೋಸ ಅಲ್ಲೇನ್ರಿ, ಅಜ್ಜಾರ?"

"ಹೌದು. ಗಟ್ಟಿ ಹಿಡಿ."

"ತಪ್ಪಿದ್ರ ಪೂರಾ ಹೋಗತೈತ್ರಿ."

"ಈಗ ತಾನ ಇಲ್ಲ ಅಂದಿ. ಇಲ್ಲದ್ದು ಎಲ್ಲಿಗೆ ಹೋಗತೈತಿ?"

ಮುಚ್ಚಳ ಮುಚ್ಚಿ ನಿಲ್ಲಿಸುವ ಗುಂಡಿ ಒತ್ತಿದ. ಯಂತ್ರದ ಪುಟ್ಟ ಪರದೆಯಲ್ಲಿ ಅಕ್ಷರಗಳು ಮಿನುಗತೊಡಗಿದವು. ಅಭ್ಯಾಸಬಲದಿಂದ ಅವನ ಕೈ ಬ್ಯಾಟರಿಯ ಕಡೆ ಸರಿಯಿತು. ಅಜ್ಜ ಆ ಕೈಯನ್ನು ಹಿಡಿದು, ಮಿನುಗು ನಿಲ್ಲುವವರೆಗೆ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಚಂದ್ರವ್ವ ಬಂದಳು. ಮೈಲಾರಿ ಯಂತ್ರಕ್ಕೆ ಸ್ಪೀಕರ್ ಜೋಡಿಸಿ ಹಾಡು ಹಚ್ಚಿದ. ಮೊದಲು ಒಂದು ಕೆಮ್ಮು ಕೇಳಿಸಿತು. ಅದನ್ನು ಕೇಳಿಯೇ ಚಂದ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹಾಡು ಬಂತು, ಒಂದರ ಹಿಂದೆ ಒಂದು, ಹೊಳೆ ದಾಟಿಸುವ ಅಷ್ಟೂ ಹಾಡುಗಳು. ಅವಳು ತುಟಿ ಅಲ್ಲಾಡಿಸುತ್ತ ತಾನೂ ಗುನುಗಿದಳು.

ಕೊನೆಯಲ್ಲಿ ಕೆಂಚವ್ವ ಕೇಳಿದಳು: "ಹಿಡದೇನಪಾ?"

"ಹಿಡದೆ ಬೇ," ಎಂದಿತು ಮೈಲಾರಿಯದೇ ದನಿ. ಅವನು ಚಿಕ್ಕ ಮಗುವಿನಂತೆ ಅತ್ತ.

ಚಂದ್ರವ್ವ ಹೋದ ಮೇಲೆ ಅಜ್ಜ ಯಂತ್ರದ ಮುಚ್ಚಳ ತೆರೆದು ಹತ್ತಿ ಕೊಟ್ಟರು. ಲೆನ್ಸ್ ಒರೆಸಬೇಕು, ಆಮೇಲೆ ಈ ಹಾಡನ್ನು ಇನ್ನೊಂದು ಡಿಸ್ಕಿಗೆ, ಯಾರು ಮೊಬೈಲ್ ತಂದರೆ ಅವರ ಮೊಬೈಲಿಗೆ ಇಳಿಸಬೇಕು ಎಂದು ಹೇಳಿದರು.

ಮೈಲಾರಿ ಹತ್ತಿ ಹಿಡಿದು ಕೂತ. ಲೆನ್ಸಿನ ಬೆಳಕು ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿರುವುದು ಅವನಿಗೆ ಗೊತ್ತಿತ್ತು.

"ಎಷ್ಟು ಒರಸಿದ್ರೂ ಒಂದಿನ ಇದು ಸಾಯೂದಽ ಅಲ್ಲೇನ್ರಿ, ಅಜ್ಜಾರ?"

"ಸಾವು ತನ್ನ ಕೆಲಸ ಒಂದಿನಾನೂ ಬಿಡೂದಿಲ್ಲ, ತಮ್ಮಾ. ನೀ ಯಾಕ ನಿಂದು ಬಿಡ್ತಿ?"